ಅಜೋಲಾ ಪಾಚಿಯೋ, ಜರಿಗಿಡವೋ? ಮನೆಯಲ್ಲಿ ವಾದ ನಡೆದಿದೆ, ತಿಳಿದವರು ಹೇಳಿ

ಮುಧೋಳದ ಹೈನುಗಾರ:

ಎಲ್ಲರಿಗೂ ನಮಸ್ಕಾರ. ನಮ್ಮದು ಮುಧೋಳ ತಾಲೂಕು, ಘಟಪ್ರಭಾ ದಂಡೆಯ ಹಳ್ಳಿ. ನಾಲ್ಕು ಎಮ್ಮೆ, ಎರಡು ಆಕಳು ಇವೆ. ಆರು ವರ್ಷದಿಂದ ಹಿತ್ತಲಲ್ಲಿ ಟಾರ್ಪಾಲ್ ಹಾಸಿದ ತೊಟ್ಟಿಯಲ್ಲಿ ಅಜೋಲಾ ಬೆಳೆಸುತ್ತಿದ್ದೇನೆ. ದಿನಾ ಬೆಳಿಗ್ಗೆ ಜರಡಿಯಲ್ಲಿ ಎತ್ತಿ, ಸಗಣಿ ವಾಸನೆ ಹೋಗುವವರೆಗೆ ತೊಳೆದು, ಹಿಂಡಿ ಜೊತೆ ಕಲಸಿ ಹಾಕುತ್ತೇನೆ. ಈ ಆರು ವರ್ಷವೂ ಅದನ್ನು ಪಾಚಿ ಎಂದೇ ಕರೆದಿದ್ದೇನೆ. ಊರಲ್ಲಿ ಎಲ್ಲರೂ ಹಾಗೇ ಕರೆಯುತ್ತಾರೆ.

ಮಗಳು ಈ ವರ್ಷ ಪಿಯು ಮೊದಲ ವರ್ಷ, ಸೈನ್ಸ್. ಮೊನ್ನೆ ತೊಟ್ಟಿ ಹತ್ತಿರ ನಿಂತು, "ಅಪ್ಪಾ, ಇದು ಪಾಚಿ ಅಲ್ಲ, ಜರಿಗಿಡ. ನೆಲದ ಗಿಡಗಳ ಗುಂಪಿನದು" ಅಂದಳು. ನೀರಲ್ಲೇ ಹುಟ್ಟಿ ನೀರಲ್ಲೇ ಬೆಳೆಯುವುದು ನೆಲದ ಗುಂಪಿಗೆ ಹೇಗೆ ಸೇರುತ್ತದೆ ಎಂದು ಕೇಳಿದೆ. ಪುಸ್ತಕದಲ್ಲಿ ಹಾಗೇ ಇದೆ ಅಂದಳು. ಅವಳನ್ನು ಸುಮ್ಮನಿರಿಸುವ ಆಸೆ ನನಗಿಲ್ಲ. ಅವಳು ಹೇಳಿದ್ದು ಸರಿಯಿದ್ದರೆ, ಯಾಕೆ ಸರಿ ಎಂದು ನನಗೂ ತಿಳಿಯಬೇಕು.

ಜಮಖಂಡಿ ಬಾಟನಿ ಅಕ್ಕ:

ಅಣ್ಣಾರೆ, ಮಗಳು ಹೇಳಿದ್ದು ಸರಿ. ಅಜೋಲಾ ಜರಿಗಿಡವೇ.

ನಾಳೆ ಒಂದೇ ಒಂದು ಅಜೋಲಾ ಎತ್ತಿ, ಬಿಳಿ ತಟ್ಟೆಯಲ್ಲಿ ಸ್ವಲ್ಪ ನೀರು ಹಾಕಿ ಬಿಟ್ಟು ನೋಡಿ. ಕೆಳಗೆ ಕೂದಲಿನಂತೆ ಇಳಿಬಿದ್ದಿರುವುದು ಬೇರು. ನಡುವೆ ಕವಲೊಡೆದ ಸಣ್ಣ ದಂಟು ಇದೆ. ದಂಟಿನ ಮೇಲೆ ಹಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಎಲೆ. ಪ್ರತಿ ಎಲೆಗೂ ಎರಡು ಪಾಲು. ಕೆಳಗಿನದು ತೆಳ್ಳಗೆ, ನೀರಿನ ಮೇಲೆ ಕೂತಿರುತ್ತದೆ. ಮೇಲಿನದು ದಪ್ಪ, ಹಸಿರು, ಒಳಗೆ ಒಂದು ಪೊಟರೆ. ಆ ಪೊಟರೆಯಲ್ಲಿ ನೀಲಿಹಸಿರು ಬ್ಯಾಕ್ಟೀರಿಯಾ ಮನೆ ಮಾಡಿಕೊಂಡಿರುತ್ತದೆ. ಗಾಳಿಯ ಸಾರಜನಕ ಹಿಡಿದು ಅಜೋಲಾಕ್ಕೆ ಕೊಡುವುದು ಅದೇ. ನಿಮ್ಮ ಎಮ್ಮೆಗೆ ಸಿಗುವ ಪ್ರೋಟೀನ್ ಅಲ್ಲಿಂದ ಶುರು. ಇದನ್ನು ಮೊದಲು ನೀಲಿಹಸಿರು ಪಾಚಿ ಎನ್ನುತ್ತಿದ್ದರು. ಹಾಗಾಗಿ ನಿಮ್ಮ ಮಾತಿನಲ್ಲೂ ಒಂದು ಎಳೆ ಸತ್ಯ ಇದೆ. ಎಲೆಯೊಳಗೆ ಇರುವುದು ಹಳೆಯ ಲೆಕ್ಕದ ಪಾಚಿ, ಎಲೆ ಮಾತ್ರ ಪಾಚಿ ಅಲ್ಲ.

ನಿಜವಾದ ಪಾಚಿಗೆ ಬೇರಿಲ್ಲ, ನೀರು ಸಾಗಿಸುವ ನಾಳ ಇಲ್ಲ. ಅಜೋಲಾಕ್ಕೆ ಎರಡೂ ಇವೆ. ಇದರ ಹಿರೀಕರು ನೆಲದ ಮೇಲೆ ಬಾಳಿದವರು. ಆಮೇಲೆ ಈ ಮನೆತನ ಮತ್ತೆ ನೀರಿಗೆ ಇಳಿಯಿತು. ಎಮ್ಮೆ ದಿನವಿಡೀ ಹಳ್ಳದಲ್ಲಿ ಬಿದ್ದಿದ್ದರೂ ಮೀನಾಗುವುದಿಲ್ಲ ಅಲ್ವಾ? ಎಲ್ಲಿ ಇದೆ ಎಂದು ನೋಡಿ ಗುಂಪು ಹೇಳಲು ಆಗುವುದಿಲ್ಲ. ಯಾವ ಮನೆತನದಿಂದ ಬಂತು ಎಂದು ನೋಡಬೇಕು.

ಇಂಡಿ ಬಿಳಿಜೋಳ:

ಅಕ್ಕಾರೆ, ಹಾಗಾದರೆ ನಮ್ಮ ಹೊಲದ ಒಂದು ವಿಷಯ ಕೇಳುತ್ತೇನೆ. ನಮ್ಮದು ಮಣ್ಣಿನ ಕೃಷಿ ಹೊಂಡ, ಪ್ಲಾಸ್ಟಿಕ್ ಹಾಕಿಲ್ಲ. ಅದರ ತಳದಲ್ಲಿ ಹುಲ್ಲಿನಂಥದ್ದು ಬೆಳೆಯುತ್ತದೆ. ದಂಟು ಇದೆ. ಗಣ್ಣು ಗಣ್ಣಿಗೆ ಸುತ್ತಲೂ ಛತ್ರಿ ಕಡ್ಡಿಯ ಹಾಗೆ ಎಳೆಗಳು. ಕೈಯಲ್ಲಿ ಹಿಸುಕಿದರೆ ಮರಳು ಸವರಿದಂತೆ ಒರಟು. ಕೆಟ್ಟ ವಾಸನೆ, ಬೆಳ್ಳುಳ್ಳಿ ಕೊಳೆತ ಹಾಗೆ. ಏಪ್ರಿಲ್‌ನಲ್ಲಿ ಹೊಂಡ ಪೂರ್ತಿ ಒಣಗಿ ತಳ ಬಿರಿಯುತ್ತದೆ. ಮಳೆ ಬಂದು ತುಂಬಿದರೆ ಮತ್ತೆ ಹಾಜರು. ಯಾರೂ ತಂದು ಹಾಕಿದ್ದಲ್ಲ. ಇದೂ ನೀರಿಗಿಳಿದ ನೆಲದ ಗಿಡವೇ?

ಜಮಖಂಡಿ ಬಾಟನಿ ಅಕ್ಕ:

ಅಣ್ಣಾರೆ, ನೀವು ಹೇಳಿದ ಒರಟು, ವಾಸನೆ, ಗಣ್ಣಿನ ಸುತ್ತಿನ ಎಳೆ, ಮೂರೂ ಸೇರಿದರೆ ಅದು ಕಾರಾ. ನೋಡಲು ಗಿಡದ ಹಾಗಿದ್ದರೂ ಅದು ಪಾಚಿ! ಅಜೋಲಾ ಪಾಚಿಯ ಹಾಗೆ ಕಾಣುವ ಗಿಡ. ಕಾರಾ ಗಿಡದ ಹಾಗೆ ಕಾಣುವ ಪಾಚಿ. ಕೈಗೆ ಒರಟಾಗಿ ಸಿಗುವುದು ಸುಣ್ಣ. ನೀರಿನ ಸುಣ್ಣ ಅದರ ಮೈಮೇಲೆ ಕೂತಿರುತ್ತದೆ.

ನಿಮ್ಮ ಹೊಂಡದಲ್ಲೇ ಈ ಕಥೆಯ ಮೊದಲ ಅಧ್ಯಾಯ ಇದೆ, ಸ್ವಲ್ಪ ಉದ್ದ ಬರೆಯುತ್ತೇನೆ.

ನೆಲದ ಗಿಡಗಳು ಸಮುದ್ರದಿಂದ ನೇರವಾಗಿ ಹತ್ತಿ ಬಂದವು ಎಂದು ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಅವು ಸಿಹಿನೀರಿನ ಹಸಿರು ಪಾಚಿಯಿಂದ ಬಂದವು. ಸಮುದ್ರ ಬತ್ತುವುದಿಲ್ಲ. ಹೊಂಡ, ಹಳ್ಳ ಬತ್ತುತ್ತವೆ. ಬತ್ತುವ ನೀರಲ್ಲಿ ಬದುಕುವವರಿಗೆ ಒಣ ಕಾಲ ದಾಟುವ ವಿದ್ಯೆ ಬೇಕೇ ಬೇಕು. ಕಾರಾ ಫಲಿತ ಅಂಡಕ್ಕೆ ಗಟ್ಟಿ ಕವಚ ಕಟ್ಟಿ ಕೆಸರಿಗೆ ಬಿಡುತ್ತದೆ. ನಿಮ್ಮ ಹೊಂಡದ ತಳ ಬಿರಿದಾಗಲೂ ಅವು ಮಣ್ಣಿನಲ್ಲಿ ಇರುತ್ತವೆ. ಮಳೆಗೆ ಏಳುತ್ತವೆ. ಯಾರೂ ತಂದು ಹಾಕಬೇಕಿಲ್ಲ.

ಬಹಳ ವರ್ಷ ಕಾರಾ ಗುಂಪೇ ನೆಲದ ಗಿಡಗಳ ತೀರಾ ಹತ್ತಿರದ ನೆಂಟ ಎಂದು ಎಣಿಸಿದ್ದರು. ಡಿಎನ್‌ಎ ಓದಲು ಶುರು ಮಾಡಿದ ಮೇಲೆ ಇನ್ನೂ ಹತ್ತಿರದ ನೆಂಟರು ಸಿಕ್ಕರು. ಸ್ಪೈರೋಗೈರಾ ಇರುವ ಗುಂಪು ಅದು. ನಿಂತ ನೀರಲ್ಲಿ ಹಸಿರು ಕೂದಲಿನ ಮುದ್ದೆಯಾಗಿ ತೇಲುತ್ತದೆ, ಹಿಡಿದರೆ ಜಾರುತ್ತದೆ, ಅದೇ. 2019ರಲ್ಲಿ ಆ ಗುಂಪಿನ, ಹಸಿ ನೆಲದ ಮೇಲೆ ಬೆಳೆಯುವ ಎರಡು ಪಾಚಿಗಳ ಪೂರ್ತಿ ಡಿಎನ್‌ಎ ಓದಿದರು. ಗಿಡಗಳಿಗೆ ಒಣಗಿದಾಗ ತಡೆದುಕೊಳ್ಳಲು ಬೇಕಾದ ಕೆಲವು ಜೀನ್‌ಗಳು ಆಗಲೇ ಅವುಗಳಲ್ಲಿ ಇದ್ದವು. ಅಂದರೆ ನೆಲಕ್ಕೆ ಬರುವ ಮೊದಲೇ ಬುತ್ತಿ ಕಟ್ಟಿಕೊಂಡಿದ್ದವು.

ನೆಲದ ಗಿಡದ ಅತಿ ಹಳೆಯ ಗುರುತು ಎಲೆಯೂ ಅಲ್ಲ, ದಂಟೂ ಅಲ್ಲ. ಬೀಜಾಣು, ಅಂದರೆ ಹಾವಸೆ, ಜರಿಗಿಡಗಳು ಸಂತಾನಕ್ಕೆಂದು ಬೀಜದ ಬದಲು ಉದುರಿಸುವ ಪುಡಿಯಂಥ ಕಣ. ಸುಮಾರು 47 ಕೋಟಿ ವರ್ಷ ಹಿಂದಿನ ಬಂಡೆಗಳಲ್ಲಿ ಅದರ ಗಟ್ಟಿ ಕವಚ ಉಳಿದಿದೆ. ಕಣ್ಣಿಗೆ ಕಾಣುವ ಗಿಡ ಎಂದರೆ ಕುಕ್ಸೋನಿಯಾ, ಸುಮಾರು 43 ಕೋಟಿ ವರ್ಷ ಹಿಂದಿನದು. ಕೆಲವೇ ಸೆಂಟಿಮೀಟರ್ ಎತ್ತರ. ಎಲೆ ಇಲ್ಲ. ಕವೆಗೋಲಿನ ಹಾಗೆ ಒಡೆದ ಬರೀ ದಂಟು, ತುದಿಯಲ್ಲಿ ಬೀಜಾಣುವಿನ ಚೀಲ. ನಮ್ಮ ಆಲ, ಬೇವು, ಜೋಳದ ಹಿರೀಕರ ಕಡೆಯವರು ಅಷ್ಟೇ ಇದ್ದರು.

ಅಂದಹಾಗೆ ಅಣ್ಣಾರೆ, ನಿಮ್ಮ ಹೆಸರಲ್ಲೇ ಬಿಳಿಜೋಳ ಇದೆ. ಹಿಂಗಾರಿ ಜೋಳದ ದಂಟನ್ನು ಹೆಬ್ಬೆರಳಿನಿಂದ ಉಜ್ಜಿದ್ದೀರಾ?

ಇಂಡಿ ಬಿಳಿಜೋಳ:

ಉಜ್ಜದೆ ಇರುತ್ತೇವೆಯೇ ಅಕ್ಕಾರೆ! ಮಾಲದಂಡಿ ಜೋಳ ನಮ್ಮ ಮನೆ ಬೆಳೆ. ಎಲೆ ದಂಟಿಗೆ ಸುತ್ತಿಕೊಂಡಿರುವ ಕಡೆ ವಿಭೂತಿ ಹಚ್ಚಿದ ಹಾಗೆ ಬೆಳ್ಳಗೆ ಇರುತ್ತದೆ. ಉಜ್ಜಿದರೆ ಬೆರಳಿಗೆ ಬರುತ್ತದೆ, ಉಜ್ಜಿದ ಜಾಗ ಹಸಿರಾಗುತ್ತದೆ. ಮಂಜಿನ ಹನಿ ಅದರ ಮೇಲೆ ನಿಲ್ಲುವುದಿಲ್ಲ, ಉರುಳಿ ಹೋಗುತ್ತದೆ. ಚಿಕ್ಕವನಿದ್ದಾಗ ಅದರ ಮೇಲೆ ಉಗುರಿನಿಂದ ಹೆಸರು ಬರೆಯುತ್ತಿದ್ದೆ.

ಜಮಖಂಡಿ ಬಾಟನಿ ಅಕ್ಕ:

ಆ ಬಿಳಿ ಪುಡಿ ಮೇಣ. ನೆಲಕ್ಕೆ ಬಂದವರ ಮೊದಲ ಉಡುಪು ಅದು. ಪಾಚಿಯನ್ನು ನೀರಿಂದ ತೆಗೆದು ಕಲ್ಲಿನ ಮೇಲೆ ಇಟ್ಟರೆ ಮಧ್ಯಾಹ್ನದೊಳಗೆ ಹಪ್ಪಳ. ಮೈಗೆ ಮೇಣ ಬಳಿದುಕೊಂಡರೆ ನೀರು ಒಳಗೇ ಉಳಿಯುತ್ತದೆ. ಆದರೆ ಮೇಣ ಬಳಿದರೆ ಗಾಳಿಯೂ ಒಳಗೆ ಬರದು. ಅದಕ್ಕೆ ಬಾಗಿಲು ಬೇಕಾಯಿತು. ಎಲೆಯ ಮೇಲಿನ ಪತ್ರರಂಧ್ರ ಅಂದರೆ ಆ ಬಾಗಿಲು, ತೆರೆದು ಮುಚ್ಚುವಂಥದ್ದು. ನಿಮ್ಮ ಜೋಳ ಅಕ್ಟೋಬರ್‌ನಲ್ಲಿ ಬಿತ್ತಿದ ಮೇಲೆ ಎರೆ ಮಣ್ಣಿನಲ್ಲಿ ಉಳಿದ ಹಸಿಯಲ್ಲೇ ತೆನೆ ಕಟ್ಟುತ್ತದಲ್ಲ, ಅದರ ಹಿಂದೆ ಈ ಮೇಣವೂ ಇದೆ, ಈ ಬಾಗಿಲೂ ಇದೆ.

ಇನ್ನೊಂದು ಸಹಾಯ ಹೊರಗಿಂದ ಬಂತು. ಸ್ಕಾಟ್ಲೆಂಡಿನ ರೈನಿ ಎಂಬ ಊರಲ್ಲಿ ಸುಮಾರು 41 ಕೋಟಿ ವರ್ಷ ಹಳೆಯ ಕಲ್ಲಿದೆ. 1912ರಲ್ಲಿ ವಿಲಿಯಂ ಮ್ಯಾಕಿ ಎಂಬ ವೈದ್ಯರು ಅದನ್ನು ಗುರುತಿಸಿದರು. ಆ ಕಲ್ಲಿನಲ್ಲಿ ಗಿಡಗಳ ಒಂದೊಂದು ಕೋಶವೂ ಕಾಣುವಷ್ಟು ಚೆನ್ನಾಗಿ ಉಳಿದಿದೆ. ಆ ಕೋಶಗಳ ಒಳಗೆ ಶಿಲೀಂಧ್ರ ಇದೆ. ಸುಮ್ನೆ ಕೂತಿದ್ದಲ್ಲ, ಮಣ್ಣಿನ ರಂಜಕ ತಂದುಕೊಟ್ಟು ಸಕ್ಕರೆ ಪಡೆಯುವ ಜಾತಿಯದು. ಆಗ ಗಿಡಗಳಿಗೆ ಸರಿಯಾದ ಬೇರೇ ಇರಲಿಲ್ಲ. ದ್ರಾಕ್ಷಿ ತೋಟದವರು ಇಂದು ವ್ಯಾಮ್ ಗೊಬ್ಬರ ಎಂದು ತಂದು ಹಾಕುವುದು ಅದೇ ಬಳಗದ ಶಿಲೀಂಧ್ರವನ್ನು.

ಖಾನಾಪುರ ಕಾಡುದಾರಿ:

ತಡವಾಗಿ ಸೇರಿದ್ದೇನೆ. ನಮ್ಮ ಕಡೆ ಕಣಕುಂಬಿ, ಜಾಂಬೋಟಿ ರಸ್ತೆಯಲ್ಲಿ ಆಗಸ್ಟ್‌ನಲ್ಲಿ ಬಂದರೆ ಅಕ್ಕ ಹೇಳಿದ್ದರಲ್ಲಿ ಅರ್ಧ ಕಣ್ಣಿಗೇ ಕಾಣುತ್ತದೆ. ಒಂದೇ ಕಲ್ಲಿನ ಗೋಡೆ ಮೇಲೆ ಕೆಳಗೆ ಪಾಚಿ, ಅದರ ಮೇಲೆ ಹಾವಸೆ, ಸಂದಿಯಲ್ಲಿ ಜರಿಗಿಡ, ತಲೆ ಮೇಲೆ ಹೂವಿನ ಗಿಡ.

ನನಗೆ ಅನ್ನಿಸುವುದು, ಗೊಂದಲ ಶುರುವಾಗುವುದು ಪಾಚಿ ಎಂಬ ಮಾತಿನಿಂದಲೇ. ಕೆರೆ ಮೇಲಿನ ಹಸಿರಿಗೂ ಪಾಚಿ. ಗೋಡೆ ಮೇಲಿನ ಮೆತ್ತನೆ ಹಸಿರಿಗೂ ಪಾಚಿ. ಬಚ್ಚಲ ಕಲ್ಲು ಜಾರಿದರೂ ಪಾಚಿ. ಗೋಡೆ ಮೇಲಿನ ಮೆತ್ತನೆಯದಕ್ಕೆ ಹಾವಸೆ ಎಂಬ ಮಾತನ್ನೇ ಬಳಸೋಣ. ಅದು ಪಾಚಿ ಅಲ್ಲ, ನೆಲದ ಗಿಡ. ಹತ್ತಿರ ಕೂತು ನೋಡಿ. ಮೆತ್ತೆಯಿಂದ ಗುಂಡುಸೂಜಿಯ ಹಾಗೆ ಕಂದು ಕಡ್ಡಿಗಳು ಎದ್ದಿರುತ್ತವೆ, ತುದಿಯಲ್ಲಿ ಸಾಸಿವೆಯಷ್ಟು ಡಬ್ಬಿ. ಕೆಳಗಿನ ಹಸಿರು ತಾಯಿ. ಮೇಲಿನ ಕಡ್ಡಿ ಮಗು. ಆ ಮಗು ಸಾಯುವವರೆಗೂ ತಾಯಿಯ ತಲೆ ಮೇಲೇ ನಿಂತು ಅವಳಿಂದಲೇ ಉಣ್ಣುತ್ತದೆ. ಮೊದಲ ಸಲ ಇದು ತಿಳಿದಾಗ ನಾನು ಆ ಗೋಡೆ ಬಿಟ್ಟು ಏಳಲೇ ಇಲ್ಲ.

ಜಮಖಂಡಿ ಬಾಟನಿ ಅಕ್ಕ:

ಅಣ್ಣ, ನೀವು ಹೇಳಿದ ತಾಯಿ ಮಗುವಿನ ಮಾತೇ ಇಡೀ ವರ್ಗೀಕರಣದ ಮೂಲೆಗಲ್ಲು. ಹಾವಸೆಯಿಂದ ಆಲದ ಮರದವರೆಗೆ ಎಲ್ಲ ನೆಲದ ಗಿಡಕ್ಕೂ ಇರುವ ಗುರುತು ಯಾವುದು ಎಂದರೆ ನಾಳ ಅಲ್ಲ, ಬೇರಲ್ಲ, ಬೀಜ ಅಲ್ಲ. ಭ್ರೂಣ. ಕಾರಾದಲ್ಲಿ ಫಲಿತ ಅಂಡ ಕವಚ ಕಟ್ಟಿಕೊಂಡು ಕೆಸರಿಗೆ ಬೀಳುತ್ತದೆ. ನೆಲದ ಗಿಡದಲ್ಲಿ ಅದು ತಾಯಿಯ ಒಡಲಲ್ಲೇ ಒಡೆದು, ಬೆಳೆದು, ತಾಯಿಯಿಂದ ಉಂಡು ಭ್ರೂಣ ಆಗುತ್ತದೆ. ಮೀನು ನೀರಲ್ಲಿ ಮೊಟ್ಟೆ ಬಿಡುವುದಕ್ಕೂ ಎಮ್ಮೆ ಕರು ಹೊರುವುದಕ್ಕೂ ಇರುವಷ್ಟು ಅಂತರ. ಅದಕ್ಕೇ ಇವನ್ನೆಲ್ಲ ಸೇರಿಸಿ ಭ್ರೂಣಧಾರಿ ಸಸ್ಯ ಎನ್ನುತ್ತಾರೆ.

ಬಾದಾಮಿ ಗೈಡ್:

ಒಂದು ಪ್ರಶ್ನೆ ಇದೆ. ಪ್ರವಾಸಿಗರು ಕೇಳುತ್ತಲೇ ಇರುತ್ತಾರೆ, ಬಾದಾಮಿಯ ಕೆಂಪು ಕಲ್ಲಿನಲ್ಲಿ ಗಿಡದ ಪಳೆಯುಳಿಕೆ ಇದೆಯೇ ಎಂದು. ಒಡೆದ ಕಲ್ಲಿನ ಒಳಗೆ ಕಪ್ಪಗೆ ಜರಿಗಿಡದ ಎಲೆಯ ಹಾಗೇ ಗುರುತು ನಾನೇ ನೋಡಿದ್ದೇನೆ. ಕವಲು, ಕವಲಿಗೆ ಕವಲು. ಒಬ್ಬರಿಗೆ ಹೌದು ಎಂದೂ ಹೇಳಿಬಿಟ್ಟಿದ್ದೇನೆ.

ಜಮಖಂಡಿ ಬಾಟನಿ ಅಕ್ಕ:

ಅದು ಗಿಡ ಅಲ್ಲ ಅಣ್ಣಾರೆ. ಕಲ್ಲಿನ ಸಂದಿಯಲ್ಲಿ ನೀರು ಜಿನುಗಿ, ಅದರೊಳಗಿನ ಮ್ಯಾಂಗನೀಸ್ ಹೀಗೆ ಕವಲು ಕವಲಾಗಿ ಕೂರುತ್ತದೆ. ತುಂಬಾ ಜನ ಮೋಸ ಹೋಗುತ್ತಾರೆ.

ಬಾದಾಮಿ ಕಲ್ಲಿನ ಮರಳು ಹರಿದು ಬಂದು ಕೂತಾಗ ನೆಲದ ಮೇಲೆ ಗಿಡವೇ ಇರಲಿಲ್ಲ. ಮೂರನೆಯ ಗುಹೆಯಲ್ಲಿ 578ರ ಶಾಸನ ತೋರಿಸುತ್ತೀರಲ್ಲ, ಆ ಶಾಸನ ಕೊರೆದ ಬಂಡೆ ಮೊದಲ ಹಾವಸೆಗಿಂತಲೂ ಹಿರಿದು. ಗುಡ್ಡ, ನದಿ, ಮಳೆ ಎಲ್ಲ ಇತ್ತು. ಹಸಿರು ಇರಲಿಲ್ಲ. ಇದನ್ನು ಪ್ರವಾಸಿಗರಿಗೆ ಹೇಳಿ ನೋಡಿ, ಪಳೆಯುಳಿಕೆ ಇದೆ ಎನ್ನುವುದಕ್ಕಿಂತ ಜಾಸ್ತಿ ಹೊತ್ತು ನಿಂತು ಕೇಳುತ್ತಾರೆ.

ಆದರೆ ಬಾಗಲಕೋಟೆ ಸುತ್ತಿನ ಸುಣ್ಣಕಲ್ಲು ಜಾತಿಯ ಬಂಡೆಗಳಲ್ಲಿ ಸ್ಟ್ರೊಮಟೊಲೈಟ್ ಇದೆ. ರೊಟ್ಟಿ ಪೇರಿಸಿದ ಹಾಗೆ ಉಬ್ಬಿದ ಪದರಗಳು. ಅದು ಸೂಕ್ಷ್ಮಜೀವಿಗಳು, ಮುಖ್ಯವಾಗಿ ನೀಲಿಹಸಿರು ಬ್ಯಾಕ್ಟೀರಿಯಾ, ನೀರಲ್ಲಿ ಪದರ ಪದರವಾಗಿ ಕಟ್ಟಿದ್ದು. ಮುಧೋಳದ ಅಣ್ಣಾರ ಅಜೋಲಾ ಎಲೆಯೊಳಗೆ ಇರುವುದೂ ಅದೇ ಬಳಗ. ಗಿಡ ಹುಟ್ಟುವ ಮುಂಚೆ ಇದೇ ಜಿಲ್ಲೆಯಲ್ಲಿ ಬಂಡೆ ಕಟ್ಟಿದವರ ಕಡೆಯವರು ಇಂದು ಹಿತ್ತಲ ತೊಟ್ಟಿಯಲ್ಲಿದ್ದಾರೆ.

ನಿವೃತ್ತ ಮಾಸ್ತರ, ಗೋಕಾಕ:

ನಾನು 30 ವರ್ಷ ವಿಜ್ಞಾನ ಕಲಿಸಿದವನು. ಚರ್ಚೆ ಚೆನ್ನಾಗಿದೆ. ಆದರೆ ಕ್ರಮ ತಪ್ಪಬಾರದು. ಪಾಚಿಯಿಂದ ಹಾವಸೆ, ಹಾವಸೆಯಿಂದ ಜರಿಗಿಡ, ಅದರಿಂದ ಸೈಕಸ್‌ನಂಥ ಬತ್ತಲೆ ಬೀಜದ ಗಿಡ (ಬೀಜಕ್ಕೆ ಹಣ್ಣಿನ ಹೊದಿಕೆ ಇಲ್ಲದ್ದು), ಅದರಿಂದ ಹೂವಿನ ಗಿಡ. ಈ ಏಣಿ ಮಕ್ಕಳಿಗೆ ಸುಲಭವಾಗಿ ಅರ್ಥ ಆಗುತ್ತದೆ. ಒಂದೊಂದು ಮೆಟ್ಟಿಲಿಗೂ ಗಿಡ ನೀರಿನಿಂದ ದೂರ ಆಗುತ್ತಾ ಹೋಗುತ್ತದೆ.

ಜಮಖಂಡಿ ಬಾಟನಿ ಅಕ್ಕ:

ಗುರುಗಳೇ, ನೀರಿನಿಂದ ದೂರ ಎಂಬ ನಿಮ್ಮ ಎಳೆ ನನಗೂ ಇಷ್ಟ. ಹಾವಸೆಯ, ಜರಿಗಿಡದ ಗಂಡು ಕೋಶ ಹೆಣ್ಣಿನ ಕಡೆ ಈಜಿಯೇ ಹೋಗಬೇಕು, ಒಂದು ಹನಿಯಾದರೂ ನೀರು ಬೇಕು. ಜೋಳದ ಪರಾಗ ಗಾಳಿಯಲ್ಲಿ ಹೋಗುತ್ತದೆ. ಸೈಕಸ್ ನಡುವೆ ನಿಂತಿದೆ. ಪರಾಗ ಗಾಳಿಯಲ್ಲಿ ಬರುತ್ತದೆ, ಆದರೆ ಕೊನೆಗೆ ಅದರ ಗಂಡು ಕೋಶವೂ ಈಜುತ್ತದೆ. ಜಪಾನಿನಲ್ಲಿ 1896ರಲ್ಲಿ ಇದನ್ನು ಕಂಡುಹಿಡಿದರು.

ಒಪ್ಪಲು ಆಗದಿರುವುದು ಏಣಿ ಮಾತ್ರ. ಏಣಿ ಅಂದರೆ ಕೆಳಗಿನ ಮೆಟ್ಟಿಲು ಮೇಲಿನದರ ಅಪ್ಪ ಎಂದಾಗುತ್ತದೆ. ಇಂದಿನ ಹಾವಸೆ ಜರಿಗಿಡದ ಅಪ್ಪ ಅಲ್ಲ, ದಾಯಾದಿ. ಇಬ್ಬರಿಗೂ ಒಬ್ಬ ಹಳೆಯ ಹಿರಿಯ ಇದ್ದ, ಎರಡು ಮನೆ ಆಯಿತು. ಈಗಿನ ಡಿಎನ್‌ಎ ಲೆಕ್ಕದಲ್ಲಿ ಹಾವಸೆ ಬಳಗದ ಮೂರೂ ಗುಂಪು ಸೇರಿ ಒಂದು ಮನೆ, ನಾಳ ಇರುವವರೆಲ್ಲ ಇನ್ನೊಂದು ಮನೆ. ಸಂಜೀವಿನಿ ಎಂದು ಜಾತ್ರೆಯಲ್ಲಿ ಮಾರುತ್ತಾರಲ್ಲ, ಒಣ ಮುದ್ದೆ ನೀರಿಗೆ ಹಾಕಿದರೆ ಬಿಚ್ಚಿಕೊಂಡು ಹಸಿರಾಗುವುದು, ಅದು ಸೆಲಾಜಿನೆಲ್ಲಾ. ಪುಸ್ತಕದಲ್ಲಿ ಅದೂ ಜರಿಗಿಡವೂ ಒಂದೇ ಅಧ್ಯಾಯ. ಆದರೆ ಜರಿಗಿಡ ಅದಕ್ಕಿಂತ ನಮ್ಮ ಮಾವಿನ ಮರಕ್ಕೇ ಹತ್ತಿರ.

ಹೆಸರಿಡುವುದೂ ಒಂದೇ ದಿನದಲ್ಲಿ ಆದದ್ದಲ್ಲ. 1735ರಲ್ಲಿ ಲಿನೇಯಸ್ ಗಿಡಗಳನ್ನು 24 ವರ್ಗ ಮಾಡಿದ. ಮುಖ್ಯವಾಗಿ ಹೂವಿನ ಕೇಸರ ಎಣಿಸಿ. ಹೂವೇ ಇಲ್ಲದ ಪಾಚಿ, ಹಾವಸೆ, ಜರಿಗಿಡ, ಅಣಬೆ ಎಲ್ಲವನ್ನೂ ಕೊನೆಯ ಒಂದೇ ಚೀಲಕ್ಕೆ ತುಂಬಿದ. ಆ ಚೀಲ ಬಿಚ್ಚಲು ದಾರಿ ತೋರಿದವರು ಜರ್ಮನಿಯ ಹಾಫ್‌ಮೈಸ್ಟರ್. ಅಪ್ಪನ ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುತ್ತಲೇ ತಾನೇ ಕಲಿತವರು. 1851ರಲ್ಲಿ ಅವರು ತೋರಿಸಿದ್ದು, ಹಾವಸೆಯಿಂದ ಬತ್ತಲೆ ಬೀಜದ ಗಿಡದವರೆಗೆ ಎಲ್ಲದರಲ್ಲೂ ಹಾವಸೆಯ ಆ ತಾಯಿ, ಮಗುವಿನಂಥ ಎರಡು ತಲೆಮಾರು ಸರದಿ ಮೇಲೆ ಬರುತ್ತವೆ ಎಂದು. ಡಾರ್ವಿನ್ ಪುಸ್ತಕ ಬರುವುದಕ್ಕೆ ಇನ್ನೂ 8 ವರ್ಷ ಇತ್ತು. ಪದವಿಯೇ ಇಲ್ಲದ ಒಬ್ಬ ಅಂಗಡಿಯವರು ಇದನ್ನು ಕಂಡರು ಎಂಬುದು ನನಗೆ ತುಂಬಾ ದೊಡ್ಡದಾಗಿ ಕಾಣುತ್ತದೆ. ಪ್ರತಿ ವರ್ಷ ತರಗತಿಯಲ್ಲಿ ಹೇಳುತ್ತೇನೆ.

ನಿವೃತ್ತ ಮಾಸ್ತರ, ಗೋಕಾಕ:

ದಾಯಾದಿ ಎಂಬ ಮಾತು ಹಿಡಿಸಿತಮ್ಮಾ. ಏಣಿ ಬಿಡುತ್ತೇನೆ, ವಂಶವೃಕ್ಷ ಎನ್ನುತ್ತೇನೆ. ನಮ್ಮ ಮನೆತನಗಳ ಲೆಕ್ಕ ಬಲ್ಲ ಮಕ್ಕಳಿಗೆ ಅದೂ ಕಷ್ಟ ಆಗದು.

ಮುಧೋಳದ ಹೈನುಗಾರ:

ಇದು ನಾನಲ್ಲ, ಮಗಳು, ಅಪ್ಪನ ಮೊಬೈಲ್‌ನಿಂದ. ಮೇಡಂ, ಪರೀಕ್ಷೆಯಲ್ಲಿ ಪುಸ್ತಕದ ಹಾಗೆ ಬರೆಯಬೇಕಾ, ನೀವು ಹೇಳಿದ ಹಾಗೆ ಬರೆಯಬೇಕಾ?

ಜಮಖಂಡಿ ಬಾಟನಿ ಅಕ್ಕ:

ಪುಟ್ಟಾ, ಪುಸ್ತಕದ ಗುಂಪುಗಳನ್ನೇ ಬರಿ. ಆ ಹೆಸರುಗಳು ತಪ್ಪಲ್ಲ, ಗಿಡ ಗುರುತಿಸಲು ಇಂದಿಗೂ ಬೇಕು. "ಒಂದರಿಂದ ಇನ್ನೊಂದು ಹುಟ್ಟಿತು" ಎಂಬ ವಾಕ್ಯ ಮಾತ್ರ ಬರೆಯಬೇಡ.

ನಿನಗೆ ಒಂದು ಕೆಲಸ. ತೊಟ್ಟಿಯಲ್ಲಿ ಅಜೋಲಾ ಜೊತೆ ಬೇರೆ ಏನಾದರೂ ಹಸಿರು ತೇಲುತ್ತಿದೆಯೇ ನೋಡು.

ಮುಧೋಳದ ಹೈನುಗಾರ:

ಅಕ್ಕಾರೆ, ಈಗ ನಾನೇ. ಇಂದು ಬೆಳಿಗ್ಗೆ ಇಬ್ಬರೂ ಕೂತೆವು. ದ್ರಾಕ್ಷಿ ತೋಟದ ಗೆಳೆಯನ ಹತ್ತಿರ ಎಲೆಯ ನುಸಿ ನೋಡುವ ಮಸೂರ ಇತ್ತು, ತಂದಿದ್ದೆ. ಆರು ವರ್ಷದಿಂದ ಬೊಗಸೆ ಬೊಗಸೆ ಎತ್ತಿ ಹಾಕಿದ್ದೇನೆ, ಒಂದನ್ನೂ ನೋಡಿರಲಿಲ್ಲ. ಹಂಚು ಹೊದಿಸಿದ ಹಾಗೆ ಅಂದಿರಲ್ಲ, ಹಾಗೇ ಇದೆ. ಬೇರನ್ನು ಉಗುರಿನಲ್ಲಿ ಮುಟ್ಟಿದರೆ ಕಳಚಿ ಬಂತು. ಬಿಸಿಲು ಬೀಳುವ ಮೂಲೆಯದು ಕೆಂಪಗಿತ್ತು. ರೋಗ ಎಂದು ನಾನು ಅದನ್ನು ಎಸೆಯುತ್ತಿದ್ದೆ.

ಜರಡಿಯಲ್ಲಿ ಇನ್ನೆರಡು ಸಿಕ್ಕವು. ಒಂದು ಜಾರುವ ಹಸಿರು ನೂಲು. ಇನ್ನೊಂದು ಎಳ್ಳಿಗಿಂತ ಸ್ವಲ್ಪ ದೊಡ್ಡ ಚಪ್ಪಟೆ ಹಸಿರು ಚುಕ್ಕೆ, ಕೆಳಗೆ ಒಂದೇ ಒಂದು ಬೇರು. ಮಗಳು ಇದನ್ನು ಗುರುತಿಸಲಿಲ್ಲ.

ಜಮಖಂಡಿ ಬಾಟನಿ ಅಕ್ಕ:

ನೂಲು ಹಸಿರು ಪಾಚಿ. ಚುಕ್ಕೆ ಡಕ್‌ವೀಡ್. ಅದು ಹೂ ಬಿಡುವ ಗಿಡ ಅಣ್ಣಾರೆ! ಹೂವು ಬರಿಗಣ್ಣಿಗೆ ಕಾಣುವುದೇ ಕಷ್ಟ ಎನ್ನುವಷ್ಟು ಸಣ್ಣದು, ಅಪರೂಪಕ್ಕೆ ಬಿಡುತ್ತದೆ. ಈಗಿನ ವರ್ಗೀಕರಣದಲ್ಲಿ ಅದು ಕೆಸುವಿನ ಎಲೆ, ಸುವರ್ಣಗಡ್ಡೆ, ಅಂತರಗಂಗೆ ಇರುವ ಕುಟುಂಬ. ನೀರಿನ ಗಿಡಗಳಲ್ಲಿ ಇಂಥ ಅಚ್ಚರಿ ಜಾಸ್ತಿ. ತಾವರೆಯೂ ನೈದಿಲೆಯೂ ಅಕ್ಕತಂಗಿ ಎಂದು ನಾವೆಲ್ಲ ನಂಬಿದ್ದೆವು. ಡಿಎನ್‌ಎ ನೋಡಿದರೆ ತಾವರೆ ಸಿಲ್ವರ್ ಓಕ್ ಮರದ ಕಡೆಯದು.

ಕೆಂಪು ರೋಗವಲ್ಲ. ಬಿಸಿಲು ಜಾಸ್ತಿ ಆದರೆ, ಇಲ್ಲವೇ ರಂಜಕ ಕಡಿಮೆ ಆದರೆ ಹಾಗಾಗುತ್ತದೆ. ನೆರಳು ಮಾಡಿ, ಸ್ವಲ್ಪ ಸೂಪರ್ ಫಾಸ್ಫೇಟ್ ಹಾಕಿ.

ಮುಧೋಳದ ಹೈನುಗಾರ:

ಒಂದೇ ಜರಡಿಯಲ್ಲಿ ಪಾಚಿ, ಜರಿಗಿಡ, ಹೂವಿನ ಗಿಡ. ಮಗಳು ಮೂರನ್ನೂ ಮೂರು ಬಾಟಲಿಗೆ ಹಾಕಿ ಕಾಲೇಜಿಗೆ ಒಯ್ದಳು. ಆ ಚುಕ್ಕೆ ಗಿಡವನ್ನೂ ಎಮ್ಮೆಗೆ ಹಾಕಬಹುದೇ ಅಕ್ಕಾರೆ?

ಜಮಖಂಡಿ ಬಾಟನಿ ಅಕ್ಕ:

ಹಾಕಬಹುದು, ಅದೂ ಪ್ರೋಟೀನ್ ಇರುವ ಮೇವು. ನಿಮ್ಮ ತೊಟ್ಟಿಯದು ಮಾತ್ರ, ಚೆನ್ನಾಗಿ ತೊಳೆದು, ಮೊದಲು ಒಂದು ಹಿಡಿ. ಚರಂಡಿ ನೀರು ಸೇರುವ ಕೆರೆಯದು ಬೇಡ. ಅದು ನೀರಿನ ಕೊಳೆಯನ್ನೂ ಹೀರಿಕೊಂಡಿರುತ್ತದೆ.